ಕಾಳಿನ ತೇವ ಯಾರು ನೋಡಬೇಕು?

ಅಮೆರಿಕದ ಅಯೋವಾದಲ್ಲಿ ಮೈನಸ್ 20 ಡಿಗ್ರಿ ಚಳಿ. ನಮ್ಮ ಮನೆಯ ಸ್ಟೋವ್ ಗೋವಿನಜೋಳವನ್ನೂ ಉರಿಸುತ್ತದೆ, ಮರದ ಪುಡಿ ಒತ್ತಿ ಮಾಡಿದ ಪೆಲೆಟ್ಟನ್ನೂ ಉರಿಸುತ್ತದೆ. ವಿಡಿಯೋ ಕಾಲ್‌ನಲ್ಲಿ ಅದನ್ನು ನೋಡಿದ ಅವ್ವ, "ಕಾಳು ಸುಡಾಕ ಹತ್ತೀರೇನವಾ? ಅನ್ನ ಸುಟ್ಟಂಗಲ್ಲೇನು?" ಅಂದಳು. ಮನಸ್ಸಿಗೆ ಚುಚ್ಚಿತು. ಆದರೆ ಇಲ್ಲಿನ ಗೋವಿನಜೋಳದಲ್ಲಿ ಅರ್ಧಕ್ಕಿಂತ ಜಾಸ್ತಿ ಗಾಡಿಗೆ ಹಾಕುವ ಎಥೆನಾಲ್ ಇಂಧನಕ್ಕೇ ಹೋಗುತ್ತದೆ, ಉಳಿದದ್ದರಲ್ಲಿ ಬಹುಪಾಲು ದನ, ಹಂದಿಗಳಿಗೆ. ರಾಣೆಬೆನ್ನೂರಿನಲ್ಲಿ ನಾವು ಬೆಳೆಯುವುದೂ ಕೋಳಿ ಆಹಾರಕ್ಕೆ ತಾನೆ? ರೊಟ್ಟಿಗೆ ಬಿಳಿಜೋಳವೇ ಬೇಕು.

2005ರ ಸುಮಾರಿಗೆ ಗ್ಯಾಸ್ ದುಬಾರಿಯಾಗಿ, ಗೋವಿನಜೋಳ ಬುಶೆಲ್‌ಗೆ, ಅಂದರೆ ಸುಮಾರು 25 ಕಿಲೋಗೆ, 2 ಡಾಲರ್ ಆಸುಪಾಸಿನಲ್ಲಿದ್ದಾಗ ಇಲ್ಲಿ ಬಹಳ ಜನ ಈ ಸ್ಟೋವ್ ಕೊಂಡರು. 2012ರ ಬರದಲ್ಲಿ ಅದು 7 ಡಾಲರ್ ದಾಟಿತು. ಆಗ ಪೆಲೆಟ್ಟೇ ವಾಸಿ. ಜೋಳ ಉರಿಸಿದರೆ ಬೂದಿ ಕರಗಿ ಕಲ್ಲಿನಂಥ ಗಟ್ಟಿ ಆಗುತ್ತದೆ, ಅದನ್ನು ಇಕ್ಕಳದಿಂದ ಎತ್ತಿ ಹಾಕಬೇಕು. ಕಾಳಿನಲ್ಲಿ ತೇವ 15 ಶೇಕಡಾಕ್ಕಿಂತ ಜಾಸ್ತಿ ಇದ್ದರೆ ಉರಿ ಸರಿಯಾಗಿ ಹಿಡಿಯುವುದಿಲ್ಲ.

ನಮಗೆ ಜೋಳ ಕೊಡುವವರು ಪಕ್ಕದ ಹೊಲದ ಹಿರಿಯರು. ಅವರು ಒಂದು ಹಿಡಿ ಕಾಳನ್ನು ತೇವ ಅಳೆಯುವ ಅಂಗೈಯಗಲದ ಮೀಟರಿಗೆ ಸುರಿದು, ಗುಂಡಿ ಒತ್ತಿ, ನನಗೂ ತೋರಿಸಿದರು. ತೇವ 13.8 ಶೇಕಡಾ. "ನಮ್ಮೂರಲ್ಲಿ ಇದು ವ್ಯಾಪಾರಿ ಹತ್ತಿರ ಮಾತ್ರ ಇರುತ್ತೆ" ಅಂದೆ. ಅವರು ಮುಖ ನೋಡಿ ಕೇಳಿದರು: "ಬೆಳೆದವನೇ ತೇವ ನೋಡದಿದ್ದರೆ ಇನ್ಯಾರು ನೋಡಬೇಕು?"

ಅವತ್ತಿನಿಂದ ಈ ಮಾತು ತಲೆಯಿಂದ ಹೋಗಿಲ್ಲ. ಅಪ್ಪ ರಸ್ತೆ ಬದಿಗೆ ಜೋಳ ಒಣಹಾಕಿ, ಮೋಡ ಕಂಡರೆ ತಾಡಪತ್ರಿ ಹಿಡಿದು ಓಡುತ್ತಿದ್ದ. ಕಾಳನ್ನು ಹಲ್ಲಲ್ಲಿ ಕಡಿದು, ಕಟಕ್ ಅಂದರೆ ಒಣಗಿದೆ ಅನ್ನುತ್ತಿದ್ದ. ಅಷ್ಟು ಒಣಗಿಸಿದ್ದನ್ನೂ ವ್ಯಾಪಾರಿ "ಹಸಿ ಐತ್ರಿ" ಅಂತ ರೇಟು ಇಳಿಸುತ್ತಿದ್ದ. ಮೀಟರ್ ಅವನದು, ಅಂಕಿ ಅವನದು. ಅಪ್ಪ ಎದುರು ಮಾತಾಡಿದ್ದು ನಾನು ನೋಡಿಲ್ಲ. 2025-26ಕ್ಕೆ ಗೋವಿನಜೋಳದ ಬೆಂಬಲ ಬೆಲೆ ಕ್ವಿಂಟಲ್‌ಗೆ 2,400 ರೂಪಾಯಿ ಇತ್ತು. ಇದ್ದರೇನು, "ಹಸಿ" ಅನ್ನೋ ಒಂದೇ ಮಾತಿಗೆ ರೈತ ಬಾಯಿ ಮುಚ್ಚುವಂತಾದರೆ?

ಇಲ್ಲಿನ ರೈತರ ಬಳಿ ಫ್ಯಾನ್ ಹಾಕಿದ ದೊಡ್ಡ ಉಕ್ಕಿನ ಕಣಜಗಳಿವೆ. ಬೆಲೆ ಬರುವ ತನಕ ಕಾಯುತ್ತಾರೆ. ಅಂಥ ಕಣಜ ನಮ್ಮೂರಿಗೆ ಇವತ್ತೇ ಬರಲಿಕ್ಕಿಲ್ಲ. ಆದರೆ ಊರಿನ ಸೊಸೈಟಿಯಲ್ಲಿ ಒಂದು ಮೀಟರ್ ಇಡೋಕೆ ಏನು ಅಡ್ಡಿ? ಅಪ್ಪನಿಗೆ ಕೇಳಿದೆ. "ನಮ್ಮ ಮೀಟರ್ ಅಂವ ನಂಬ್ತಾನೇನು?" ಅಂದ. ಸ್ವಲ್ಪ ಹೊತ್ತು ಬಿಟ್ಟು ತಾನೇ, "ಕಳಿಸವಾ, ಈ ಸಲ ಕೇಳೇ ಬಿಡ್ತೇನಿ" ಅಂದ.