ಪೇಟೆಂಟ್ ಫೋನು, ಮೈಲುತುತ್ತದ ನೀರು

2024ರ ಜುಲೈ. ಹೊಸನಗರ ಕಡೆಯ ಅಡಿಕೆ ಬೆಳೆಗಾರರೊಬ್ಬರು ಶಿವಮೊಗ್ಗದ ನಮ್ಮ ಪತ್ರಿಕಾ ಕಚೇರಿಯ ಮೆಟ್ಟಿಲು ಹತ್ತಿ ಬಂದರು. ನೀರು ಸೋರುತ್ತಿದ್ದ ಕೊಡೆಯನ್ನು ಬಾಗಿಲ ಮೂಲೆಗೆ ಒರಗಿಸಿ, ಜೇಬಿನಿಂದ ನಾಲ್ಕು ಮಡಿಕೆಯ ಪತ್ರಿಕೆ ತುಂಡು ಮತ್ತು ಒಂದು ಸತ್ತ ಫೋನು ತೆಗೆದು ನನ್ನ ಮೇಜಿನ ಮೇಲಿಟ್ಟರು. ತುಂಡಿನಲ್ಲಿದ್ದದ್ದು ನಾನೇ ಬರೆದ ಅಂಕಣ. ತಲೆಬರಹ: ‘ಮಳೆಗಾಲಕ್ಕೆ ಹೆದರದ ಫೋನು’.

‘ಎಂತ ಮಾರಾಯ್ರೆ, ಇದನ್ನ ಬರೆದೋರು ನೀವೇಯ?’

ಹೌದು ಅಂದೆ. ಅವರು ಜಗಳಕ್ಕೆ ಬಂದವರಲ್ಲ. ಕುರ್ಚಿ ಎಳೆದುಕೊಂಡು ಕೂತು, ‘ಸರ್ವಿಸ್ ಸೆಂಟರಿನವ್ರು ನೀರು ಹೋಗಿದೆ, ವಾರಂಟಿ ಇಲ್ಲ ಅಂದ್ರು. ನೀರು ಹೋಗೋದಿಲ್ಲ ಅಂತ ನೀವು ಬರೆದಿದ್ರಿ. ಯಾರ ಮಾತು ಹಿಡಿಯೋದು ಹೇಳಿ’ ಅಂದರು. ಇಷ್ಟು ಸಮಾಧಾನವಾಗಿ ಕೇಳಿದರೆ ಉತ್ತರ ಹೇಳುವುದು ಇನ್ನೂ ಕಷ್ಟ.

ಪುರವಣಿ ವಿಭಾಗದಲ್ಲಿ ನನ್ನ ಕೆಲಸ. ವಾರಕ್ಕೊಮ್ಮೆ ಫೋನು, ಟೀವಿ, ಮಿಕ್ಸಿ, ಇನ್ವರ್ಟರುಗಳ ಬಗ್ಗೆ ಅರ್ಧ ಪುಟ ಬರೆಯುವುದೂ ನನ್ನ ಪಾಲಿಗೆ ಬಂದಿತ್ತು. ಆ ಅಂಕಣ ಹೇಗೆ ತಯಾರಾಗಿತ್ತು ಎಂದು ಈಗ ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಕಂಪನಿಯ ಪ್ರಚಾರ ಏಜೆನ್ಸಿಯಿಂದ ಪತ್ರಿಕಾ ಪ್ರಕಟಣೆ ಬಂದಿತ್ತು, ಕನ್ನಡದಲ್ಲೇ. ಜೊತೆಗೆ ಎರಡು ದಿನದ ಮಟ್ಟಿಗೆ ಒಂದು ಫೋನು. ನಾನು ಮಾಡಿದ ಪರೀಕ್ಷೆ ಏನೆಂದರೆ, ಮನೆ ಹಿತ್ತಲಲ್ಲಿ ಫೋನನ್ನು ಬಟ್ಟೆ ಒಗೆಯುವ ಕಲ್ಲಿನ ಮೇಲಿಟ್ಟು, ಒಂದು ಚೊಂಬು ನಲ್ಲಿ ನೀರು ಸುರಿದು, ಫೋಟೋ ತೆಗೆದದ್ದು. ಫೋಟೋ ಚೆನ್ನಾಗಿ ಬಂತು. ‘ಪೇಟೆಂಟ್ ಪಡೆದ ಸೀಲಿಂಗ್ ತಂತ್ರಜ್ಞಾನ’, ದೂಳು, ನೀರನ್ನು ಎಷ್ಟು ತಡೆಯುತ್ತದೆ ಎಂದು ಹೇಳುವ ‘ಐಪಿ68’ ಎಂಬ ಎರಡು ಮಾತು ಪ್ರಕಟಣೆಯಲ್ಲಿದ್ದವು, ಅಂಕಣದಲ್ಲೂ ಕೂತವು. ಅದೇ ಪುಟದ ಕೆಳಗೆ ಅದೇ ಫೋನಿನ ಕಾಲು ಪುಟದ ಜಾಹೀರಾತು.

ಬೆಳೆಗಾರರನ್ನು ಕರೆದುಕೊಂಡು ನೆಹರು ರಸ್ತೆಯ ಸಂದಿಯಲ್ಲಿರುವ ಪರಿಚಯದ ರಿಪೇರಿ ಅಂಗಡಿಗೆ ಹೋದೆ. ನಾಲ್ಕಡಿ ಅಗಲದ ಅಂಗಡಿ. ಹುಡುಗ ಮೊದಲು ಸಿಮ್ ಟ್ರೇ ಎಳೆದು ಟಾರ್ಚ್ ಬಿಟ್ಟು ನೋಡಿದ. ಒಳಗೆ ಬೆರಳುಗುರಿಗಿಂತ ಚಿಕ್ಕ ಬಿಳಿ ಸ್ಟಿಕ್ಕರ್ ಇರುತ್ತದೆ, ನೀರು ತಾಗಿದರೆ ಕೆಂಪಾಗುತ್ತದೆ. ಅದು ಬೆಳ್ಳಗೇ ಇತ್ತು. ‘ಇಲ್ಲಿ ಒಣಗೇ ಇದೆ ಸಾರ್’ ಎಂದು ಹಿಂದಿನ ಗಾಜಿಗೆ ಬಿಸಿ ಗಾಳಿ ಹಿಡಿದ. ಅಂಟು ಮೆತ್ತಗಾದ ಮೇಲೆ ತೆಳು ಪ್ಲಾಸ್ಟಿಕ್ ಚೀಟಿ ತೂರಿಸಿ ಸುತ್ತಲೂ ಬಿಡಿಸಿದ. ಕೆಳಭಾಗದ ಚಾರ್ಜಿಂಗ್ ಬೋರ್ಡು ಕಾಣಿಸಿತು. ಅಲ್ಲಿನ ಸ್ಟಿಕ್ಕರ್ ಕಡು ಗುಲಾಬಿ. ಪಿನ್ನುಗಳ ಸುತ್ತ ನೀಲಿ ಹಸಿರು ಪುಡಿ, ಹಳೇ ತಾಮ್ರದ ಹಂಡೆಯ ಕಂಠದಲ್ಲಿ ಕಿಲುಬು ಕಟ್ಟುತ್ತದಲ್ಲ, ಥೇಟ್ ಹಾಗೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಎರಡು ಪಿನ್ನು ಅರ್ಧ ತಿಂದುಹೋಗಿದ್ದವು.

‘ಏನು ಬಿದ್ದಿತ್ತು ಇದರ ಮೇಲೆ?’ ಅಂತ ಹುಡುಗ ಕೇಳಿದ.

‘ಏನೂ ಇಲ್ಲ, ತೋಟಕ್ಕೆ ಔಷಧಿ ಹೊಡೆಸ್ತಿದ್ವಿ.’

ಅಲ್ಲಿಗೆ ಅರ್ಧ ಕಥೆ ಗೊತ್ತಾಯಿತು. ಮಲೆನಾಡಿನಲ್ಲಿ ಮಳೆಗಾಲ ಅಂದರೆ ಕೊಳೆರೋಗ, ಕೊಳೆರೋಗ ಅಂದರೆ ಬೋರ್ಡೋ ದ್ರಾವಣ: 100 ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ಅಡಿಕೆ ಕೊನೆಗೆ, ಅಂದರೆ ಗೊನೆಗೆ, ಹೊಡೆದದ್ದು ಕೆಳಗೆ ನಿಂತವರ ತಲೆ, ಹೆಗಲು, ಜೇಬಿಗೂ ಇಳಿಯುತ್ತದೆ. ಮೈಲುತುತ್ತ ಎಂದರೆ ತಾಮ್ರದ ಲವಣ. ಅದು ಸೇರಿದ ನೀರಿನಲ್ಲಿ ವಿದ್ಯುತ್ ಸಲೀಸಾಗಿ ಹರಿಯುತ್ತದೆ. ಇವರು ಸಂಜೆ ಮನೆಗೆ ಬಂದು, ಫೋನನ್ನು ಪಂಚೆಯ ತುದಿಯಲ್ಲಿ ಒರೆಸಿ, ಒಲೆ ಪಕ್ಕದ ಪ್ಲಗ್ಗಿಗೆ ಸಿಕ್ಕಿಸಿದ್ದಾರೆ. ಒದ್ದೆ ಪಿನ್ನಿಗೆ ಕರೆಂಟು ಕೊಟ್ಟರೆ ಲೋಹ ಕರಗುತ್ತದೆ. ನಾಲ್ಕೈದು ದಿನ ಹೀಗೇ ನಡೆದಿದೆ.

ಹಾಗಾದರೆ ಐಪಿ68 ಸುಳ್ಳೇ? ಅಲ್ಲ. ಆ ಸಂಖ್ಯೆಯನ್ನು ಓದುವುದನ್ನು ನಾನು ಕಲಿತಿರಲಿಲ್ಲ, ಅಷ್ಟೆ. ಮೊದಲ ಅಂಕಿ ದೂಳಿಗೆ, ಎರಡನೆಯದು ನೀರಿಗೆ. 7 ಎಂದರೆ ಒಂದು ಮೀಟರ್ ಆಳದಲ್ಲಿ ಅರ್ಧ ಗಂಟೆ. 8 ಎಂದರೆ ಅದಕ್ಕಿಂತ ಕಠಿಣ, ಎಷ್ಟು ಆಳ ಎಷ್ಟು ಹೊತ್ತು ಎಂಬುದನ್ನು ತಯಾರಕರೇ ಹೇಳಬೇಕು. ಪರೀಕ್ಷೆಗೆ ಇಡುವುದು ಹೊಸ ಫೋನು, ನೀರು ನಿಂತ ಸಿಹಿನೀರು. ಮುಳುಗಿಸುವ ಪರೀಕ್ಷೆಯಲ್ಲಿ ಪಾಸಾದ ಮಾತ್ರಕ್ಕೆ ರಭಸದಿಂದ ಚಿಮ್ಮುವ ನೀರಿನ ಪರೀಕ್ಷೆಯಲ್ಲಿ ಪಾಸಾದಂತೆಯೂ ಅಲ್ಲ; ಅದಕ್ಕೆ 5 ಮತ್ತು 6 ಎಂಬ ಬೇರೆ ಅಂಕಿಗಳಿವೆ. ಸಮುದ್ರದ ನೀರು, ಸೋಪಿನ ನೀರು, ಮೈಲುತುತ್ತದ ನೀರು ಇದ್ಯಾವುದೂ ಆ ಲೆಕ್ಕದಲ್ಲಿ ಇಲ್ಲ.

ಇದು ನಾನು ಕಂಡುಹಿಡಿದ ಗುಟ್ಟೂ ಅಲ್ಲ. ಇಟಲಿಯ ಸ್ಪರ್ಧಾ ಪ್ರಾಧಿಕಾರ 2020ರ ನವೆಂಬರಿನಲ್ಲೇ ಆಪಲ್‌ಗೆ 1 ಕೋಟಿ ಯೂರೋ ದಂಡ ಹಾಕಿತ್ತು. ಪ್ರಯೋಗಾಲಯದ ನಿಂತ ಶುದ್ಧ ನೀರಿಗೆ ಮಾತ್ರ ಅನ್ವಯಿಸುವ ಮಾತನ್ನು ಜಾಹೀರಾತಿನಲ್ಲಿ ಬಿಡಿಸಿ ಹೇಳಿಲ್ಲ, ಮೇಲಾಗಿ ನೀರು ಹೋದರೆ ವಾರಂಟಿಯನ್ನೂ ಕೊಡುವುದಿಲ್ಲ ಎಂಬುದು ಅಲ್ಲಿನ ಆಕ್ಷೇಪ. ಆಸ್ಟ್ರೇಲಿಯಾದಲ್ಲಿ 2022ರ ಜೂನಿನಲ್ಲಿ ಸ್ಯಾಮ್‌ಸಂಗ್‌ಗೆ 1.4 ಕೋಟಿ ಆಸ್ಟ್ರೇಲಿಯನ್ ಡಾಲರ್ ದಂಡ ಬಿತ್ತು. ಈಜುಕೊಳದಲ್ಲಿ, ಸಮುದ್ರದಲ್ಲಿ ಫೋನು ಹಿಡಿದ ಜನರ ಜಾಹೀರಾತುಗಳು. ಆದರೆ ಒದ್ದೆಯಿರುವಾಗಲೇ ಚಾರ್ಜ್‌ಗೆ ಹಾಕಿದರೆ ಚಾರ್ಜಿಂಗ್ ಪೋರ್ಟ್ ತುಕ್ಕು ಹಿಡಿಯುವ ಸಾಧ್ಯತೆ. ಹೊಸನಗರದ ಒಲೆ ಪಕ್ಕದ ಪ್ಲಗ್ಗಿನಲ್ಲಿ ಆದದ್ದೂ ಅದೇ. ನಾನು ಅಂಕಣ ಬರೆಯುವ ಹೊತ್ತಿಗೆ ಇವೆರಡೂ ಹಳೇ ಸುದ್ದಿ. ಹುಡುಕಿದ್ದರೆ ಹತ್ತು ನಿಮಿಷದ ಕೆಲಸ.

ಕಚೇರಿಗೆ ವಾಪಸ್ಸು ಬಂದವನೇ ಜಾಹೀರಾತು ಮ್ಯಾನೇಜರ್ ಹತ್ತಿರ ಕೂಗಾಡಿದೆ. ನಿಮ್ಮ ಪಾರ್ಟಿಗಳಿಂದ ನನ್ನ ಮರ್ಯಾದೆ ಹೋಯಿತು ಎಂಬ ಧಾಟಿ. ಅವರು ಇಪ್ಪತ್ತೈದು ವರ್ಷದಿಂದ ಜಾಹೀರಾತು ತಂದು ಪತ್ರಿಕೆ ನಿಲ್ಲಿಸಿದವರು. ಎಲೆಗೆ ಸುಣ್ಣ ಹಚ್ಚುತ್ತಲೇ ಕೇಳಿಸಿಕೊಂಡು ಹೇಳಿದರು:

‘ಮಾರಾಯ, ಜಾಹೀರಾತು ಅನ್ನೋದು ಜಾಹೀರಾತು ಅಂತ ಓದೋರಿಗೆ ಗೊತ್ತು. ನಾನು ಅದಕ್ಕೆ ಗೆರೆ ಹಾಕಿ ಕೊಟ್ಟಿದ್ದೆ. ಅದರ ಮೇಲೆ ನೀನು ಹಾಗೆ ಬರಿ ಅಂತ ಯಾರು ಹೇಳಿದ್ರು? ನಾನು ಹೇಳಿದ್ನಾ?’

ಹೇಳಿರಲಿಲ್ಲ. ಸಂಪಾದಕರೂ ಹೇಳಿರಲಿಲ್ಲ. ಏಜೆನ್ಸಿಯವರು ಕೂಡ ‘ಹೊಗಳಿ ಬರೀರಿ’ ಎಂದು ಒಂದು ಸಲವೂ ಅಂದಿಲ್ಲ. ಕೆಳಗೆ ಜಾಹೀರಾತು ಬರುತ್ತದೆಂದು ಪುಟದ ಡಮ್ಮಿಯಲ್ಲಿ, ಅಂದರೆ ಕರಡು ನಕ್ಷೆಯಲ್ಲಿ, ನೋಡಿದ್ದೆ, ಕೈ ತಾನಾಗೇ ಮೆತ್ತಗಾಗಿತ್ತು. 2009ರ ಲೋಕಸಭಾ ಚುನಾವಣೆಯ ನಂತರ ಕಾಸಿಗಾಗಿ ಸುದ್ದಿ ಎಂದು ದೇಶದಲ್ಲೆಲ್ಲ ಗದ್ದಲವಾಗಿ, ಪ್ರೆಸ್ ಕೌನ್ಸಿಲ್ 2010ರಲ್ಲಿ ವರದಿ ಕೊಟ್ಟಾಗ ನಾವೆಲ್ಲ ರಾಜಕಾರಣಿಗಳನ್ನು, ದೊಡ್ಡ ಪತ್ರಿಕೆಗಳನ್ನು ಬೈದಿದ್ದೆವು. ಫೋನಿನ ಪುಟದಲ್ಲಿ ಕಾಸೂ ಇಲ್ಲದೆ ಅದೇ ಕೆಲಸ ನಡೆಯುತ್ತದೆ, ಅದಕ್ಕೆ ಯಾರೂ ಹೆಸರೂ ಇಟ್ಟಿಲ್ಲ. ಈಗ ಯೂಟ್ಯೂಬಿನವರು ಹಣ ಪಡೆದು ಹೊಗಳಿದರೆ ಹಾಗಂತ ಗುರುತು ಹಾಕಬೇಕು ಎಂದು 2021ರಿಂದ ಜಾಹೀರಾತು ಮಾನಕ ಮಂಡಳಿಯ ಮಾರ್ಗಸೂಚಿ ಇದೆ. ಡಬ್ಬ ಬಿಚ್ಚುವ ಹುಡುಗರನ್ನು ನಾವು ಪತ್ರಿಕೆಯವರು ನೋಡಿ ನಗುತ್ತೇವೆ. ನನ್ನ ಚೊಂಬಿನ ಫೋಟೋ ನೆನಪಾದರೆ ಆ ನಗು ಅಲ್ಲೇ ನಿಲ್ಲುತ್ತದೆ.

ಉಳಿದದ್ದು ‘ಪೇಟೆಂಟ್ ಪಡೆದ’ ಎಂಬ ಮಾತು. ಏಜೆನ್ಸಿಗೆ ಮಿಂಚಂಚೆ ಹಾಕಿ ಪೇಟೆಂಟ್ ಸಂಖ್ಯೆ ಕೇಳಿದೆ. ಮೊದಲು ಒಂದು ಬಣ್ಣದ ಬ್ರೋಷರ್ ಕಳಿಸಿದರು. ಮತ್ತೆ ಕೇಳಿದೆ. ಹನ್ನೊಂದನೇ ದಿನ ಒಂದು ಸಂಖ್ಯೆ ಬಂತು: 12 ಅಂಕಿ, ಮೊದಲ ನಾಲ್ಕು 2022. ಅದನ್ನು ನೋಡಿದರೇ ಗೊತ್ತಾಗುತ್ತದೆ, ಅದು ಅರ್ಜಿ ಸಂಖ್ಯೆ. ನಮ್ಮಲ್ಲಿ ಪೇಟೆಂಟ್ ಅರ್ಜಿಗೆ ಕೊಡುವ ಸಂಖ್ಯೆ ವರ್ಷದಿಂದ ಶುರುವಾಗಿ 12 ಅಂಕಿ ಇರುತ್ತದೆ. ಮಂಜೂರಾದ ಪೇಟೆಂಟಿನದು ಬೇರೆ, ಚಿಕ್ಕದು. ಅರ್ಜಿ ಹಾಕಿದ 18 ತಿಂಗಳಿಗೆ ಅದು ಸಾರ್ವಜನಿಕವಾಗಿ ಪ್ರಕಟವಾಗುತ್ತದೆ, ಪೇಟೆಂಟ್ ಕಚೇರಿಯ ಜಾಲತಾಣದಲ್ಲಿ ಯಾರು ಬೇಕಾದರೂ ತೆಗೆದು ಓದಬಹುದು, ಬಿಟ್ಟಿ. ಪ್ರಕಟವಾಗಿದೆ ಎಂದರೆ ಪೇಟೆಂಟ್ ಸಿಕ್ಕಿದೆ ಎಂದಲ್ಲ. ಸಿಗದಿದ್ದರೂ ‘ಪೇಟೆಂಟ್ ಪಡೆದ’ ಎಂದು ಮಾರುವುದು ಪೇಟೆಂಟ್ ಕಾಯ್ದೆಯ 120ನೇ ಸೆಕ್ಷನ್ ಪ್ರಕಾರ ತಪ್ಪು. 2023ರ ತಿದ್ದುಪಡಿಯಲ್ಲಿ ಅದರ ದಂಡವನ್ನು 10 ಲಕ್ಷ ರೂಪಾಯಿವರೆಗೆ ಏರಿಸಲಾಗಿದೆ.

ಆ ಅರ್ಜಿಯನ್ನು ಕೂತು ಓದಿದೆ. ಓದುತ್ತಾ ಓದುತ್ತಾ ನಗು ಬಂತು. ಇಡೀ ಅರ್ಜಿ ಇದ್ದದ್ದು ಸಿಮ್ ಟ್ರೇಯ ರಬ್ಬರ್ ಉಂಗುರದ ಆಕಾರದ ಬಗ್ಗೆ! ಆ ಉಂಗುರ ತನ್ನ ಕೆಲಸ ಸರಿಯಾಗೇ ಮಾಡಿತ್ತು, ಅಲ್ಲಿನ ಸ್ಟಿಕ್ಕರ್ ಬೆಳ್ಳಗಿತ್ತಲ್ಲ. ನಾಳೆ ಅದಕ್ಕೆ ಪೇಟೆಂಟ್ ಸಿಕ್ಕರೂ ಆಶ್ಚರ್ಯವಿಲ್ಲ, ಸಿಕ್ಕರೂ ಬೆಳೆಗಾರರ ಫೋನು ಬದುಕುತ್ತಿರಲಿಲ್ಲ. ಪೇಟೆಂಟ್ ಕೊಡುವವರು ನೋಡುವುದು ಇದು ಹೊಸದೇ, ಹಿಂದಿನದಕ್ಕಿಂತ ಒಂದು ಹೆಜ್ಜೆ ಮುಂದಿದೆಯೇ, ತಯಾರಿಸಲು ಬರುತ್ತದೆಯೇ ಎಂದು. ಗಟ್ಟಿಯಾಗಿದೆಯೇ, ಬಾಳಿಕೆ ಬರುತ್ತದೆಯೇ ಎಂದು ಅವರು ನೋಡುವುದಿಲ್ಲ, ನೋಡಬೇಕಾಗಿಯೂ ಇಲ್ಲ. ಅದು 20 ವರ್ಷದ ಮಟ್ಟಿಗೆ ಬೇರೆಯವರು ನಕಲು ಮಾಡದಂತೆ ಹಾಕುವ ಬೇಲಿ. ಬೇಲಿ ಇದೆ ಎಂದ ಮಾತ್ರಕ್ಕೆ ಒಳಗಿನ ತೋಟ ಚೆನ್ನಾಗಿದೆ ಎನ್ನಲಾಗುತ್ತದೆಯೇ?

ಈ ವಿಷಯ ಎತ್ತಿದಾಗ ನ್ಯೂಸ್ ಡೆಸ್ಕಿನ ಗೆಳೆಯನಿಗೂ ನನಗೂ ಎರಡು ದಿನ ವಾದವಾಯಿತು. ಅವನ ಪ್ರಕಾರ ಪೇಟೆಂಟೇ ದೊಡ್ಡ ಕಂಪನಿಗಳ ಆಟ. ಆಪಲ್ ಮತ್ತು ಸ್ಯಾಮ್‌ಸಂಗ್ ಮೂಲೆ ದುಂಡಗಿರುವ ಚೌಕಕ್ಕಾಗಿ 2011ರಿಂದ 2018ರವರೆಗೆ ಬಡಿದಾಡಲಿಲ್ಲವೇ ಎಂದ. ಬಡಿದಾಡಿದ್ದು ನಿಜ, 2012ರಲ್ಲಿ ಅಮೆರಿಕದ ಜ್ಯೂರಿ ನೂರು ಕೋಟಿ ಡಾಲರಿಗೂ ಮಿಕ್ಕಿ ಪರಿಹಾರ ಹೇಳಿ, ಅದು ಇಳಿದು ಏರಿ, ಕೊನೆಗೆ ರಾಜಿಯಾಯಿತು. ಆದರೆ ಆ ಮೂಲೆಯ ಜಗಳ ವಿನ್ಯಾಸದ ಹಕ್ಕಿನದು. ನಮ್ಮಲ್ಲಿ ಅದಕ್ಕೆ 2000ದ ವಿನ್ಯಾಸ ಕಾಯ್ದೆ ಎಂದು ಬೇರೆಯೇ ಕಾನೂನಿದೆ, 10 ವರ್ಷ, ಬೇಕಾದರೆ ಇನ್ನೈದು. ನೋಟಕ್ಕೆ ಒಂದು ಹಕ್ಕು, ಕೆಲಸಕ್ಕೆ ಒಂದು ಹಕ್ಕು. ಎರಡನ್ನೂ ‘ಪೇಟೆಂಟ್ ಸಮರ’ ಎಂದು ಒಂದೇ ತಲೆಬರಹದಲ್ಲಿ ಕಟ್ಟಿಹಾಕಿದ್ದು ನಮ್ಮಂಥ ಪತ್ರಿಕೆಗಳೇ. ಅವನು ಒಪ್ಪಲಿಲ್ಲ. ಈಗಲೂ ಒಪ್ಪಿಲ್ಲ.

ರಿಪೇರಿ ಹುಡುಗನ ವಾದ ನನಗೆ ಇವೆಲ್ಲಕ್ಕಿಂತ ಹಿಡಿಸಿತು. ‘ನೀರು ಹೋಗಬಾರದು ಅಂತ ಅಂಟು ಹಾಕ್ತೀವಿ ಅಂತಾರೆ ಸಾರ್. ಒಂದು ಸಲ ನಾನು ಬಿಚ್ಚಿದೆ ಅಂದ್ರೆ ಆ ಸೀಲು ಹೋಯ್ತು, ಎಂಥ ಅಂಟು ಹಾಕಿದ್ರೂ ಮೊದಲಿನ ಹಾಗೆ ಆಗಲ್ಲ. ಬ್ಯಾಟರಿ ಎರಡು ಮೂರು ವರ್ಷಕ್ಕೆ ಸಾಯತ್ತೆ, ಬಿಚ್ಚಲೇಬೇಕು. ಹಾಗಾದ್ರೆ ಐಪಿ ಎಷ್ಟು ದಿನದ್ದು?’ ಅಂಟಿಲ್ಲದೆ ನೀರು ತಡೆಯಲಾಗದು ಎಂಬುದೂ ಪೂರ್ತಿ ನಿಜವಲ್ಲ. 2014ರ ಗ್ಯಾಲಕ್ಸಿ ಎಸ್5ನಲ್ಲಿ ಹಿಂದಿನ ಮುಚ್ಚಳವನ್ನು ಉಗುರಿನಲ್ಲೇ ತೆಗೆದು ಬ್ಯಾಟರಿ ಬದಲಿಸಬಹುದಿತ್ತು, ಐಪಿ67 ಕೂಡ ಇತ್ತು. ಫೋನು ಸ್ವಲ್ಪ ದಪ್ಪ, ಮುಚ್ಚಳ ಪ್ಲಾಸ್ಟಿಕ್ಕಿನದು, ಅಂಗಡಿಯ ಗಾಜಿನೊಳಗೆ ಅಷ್ಟು ಮಿಂಚುವುದಿಲ್ಲ. ಬಳಸುವವರೇ ಬ್ಯಾಟರಿ ತೆಗೆಯುವಂತಿರಬೇಕು ಎಂಬ ಐರೋಪ್ಯ ಒಕ್ಕೂಟದ ನಿಯಮ, ಕೆಲವು ವಿನಾಯಿತಿಗಳೊಂದಿಗೆ, 2027ರ ಫೆಬ್ರವರಿ 18ರಿಂದ ಜಾರಿ. ಆಗುಂಬೆಯ ಮಳೆಗೆ ಅದು ಎಷ್ಟರ ಮಟ್ಟಿಗೆ ಒದಗುತ್ತದೋ ನೋಡಬೇಕು.

ತಿದ್ದುಪಡಿ ಹಾಕಲು ಸಂಪಾದಕರು ಒಪ್ಪಿದರು. ಅಂಕಣ ಅರ್ಧ ಪುಟ ಇತ್ತು, ತಿದ್ದುಪಡಿ ಏಳನೇ ಪುಟದಲ್ಲಿ ಆರು ಸಾಲು. ಫೋಟೋ ಇಲ್ಲ. ಆ ಕಂಪನಿಯ ದೀಪಾವಳಿ ಜಾಹೀರಾತು ನಮಗೆ ಬರಲಿಲ್ಲ. ಮ್ಯಾನೇಜರ್ ಅದರ ಬಗ್ಗೆ ನನ್ನೊಡನೆ ಒಂದು ಮಾತೂ ಆಡಲಿಲ್ಲ. ಆಡಿದ್ದರೆ ಹಗುರಾಗುತ್ತಿತ್ತು.

ಈಗ ಫೋನಿನ ಅಂಕಣ ಬರೆಯುವ ವಾರ ನಾನು ಡಮ್ಮಿ ನೋಡುವುದಿಲ್ಲ, ಅದೇ ಪುಟದಲ್ಲಿ ಅದೇ ಸಾಮಾನಿನ ಜಾಹೀರಾತು ಬೇಡ ಎಂದು ಪುಟ ಕಟ್ಟುವವರಿಗೆ ಹೇಳಿಟ್ಟಿದ್ದೇನೆ. ಹತ್ತಕ್ಕೆ ಎರಡು ಸಲ ಆ ಮಾತು ಮುರಿಯುತ್ತದೆ. ‘ಪೇಟೆಂಟ್’ ಕಂಡರೆ ಸಂಖ್ಯೆ ಕೇಳುತ್ತೇನೆ, ಅರ್ಜಿಯಾದರೆ ‘ಅರ್ಜಿ ಹಾಕಿದೆ’ ಎಂದೇ ಬರೆಯುತ್ತೇನೆ. ವಾರಂಟಿ ಚೀಟಿಯ ಸಣ್ಣ ಅಕ್ಷರವನ್ನು ಪ್ರಕಟಣೆಗಿಂತ ಮೊದಲು ಓದುತ್ತೇನೆ. ಮತ್ತೆ ಫೋನು ಬಂದ ದಿನವೇ ನೆಹರು ರಸ್ತೆಯ ಸಂದಿಗೆ ಹೋಗಿ, ಇದೇ ಕಂಪನಿಯ ಹೋದ ವರ್ಷದ ಫೋನು ಯಾವ ಕಾಯಿಲೆಗೆ ನಿಮ್ಮಲ್ಲಿಗೆ ಬರುತ್ತಿದೆ ಎಂದು ಕೇಳುತ್ತೇನೆ. ಅರ್ಧ ಅಂಕಣ ಅಲ್ಲೇ ಸಿಗುತ್ತದೆ.

ಬೆಳೆಗಾರರು ಕಳೆದ ವರ್ಷ ಅಡಿಕೆ ಬಿಡಲು ಶಿವಮೊಗ್ಗಕ್ಕೆ ಬಂದವರು ಕಚೇರಿಗೂ ಬಂದಿದ್ದರು. ಹೊಸ ಫೋನು, ಬೇರೆ ಕಂಪನಿಯದು. ಯಾವುದು ತಗೊಳ್ಳೋದು ಎಂದು ನನ್ನನ್ನು ಕೇಳಿರಲಿಲ್ಲ. ಜೇಬಿನಿಂದ ತೆಗೆದಾಗ ನೋಡಿದೆ, ಫೋನಿಗೆ ಪ್ಲಾಸ್ಟಿಕ್ ಕೊಟ್ಟೆ (ಚೀಲ) ಹಾಕಿ ಬಾಯಿಗೆ ರಬ್ಬರ್ ಬ್ಯಾಂಡ್ ಬಿಗಿದಿದ್ದರು, ಮಳೆಗಾಲಕ್ಕೆ ಮುಂಚೆ ಅಡಿಕೆ ಕೊನೆಗೆ ಕೊಟ್ಟೆ ಕಟ್ಟುವ ಹಾಗೆ. ಕೊಟ್ಟೆಯ ಮೇಲಿಂದಲೇ ಬೆರಳಾಡಿಸಿ ಮೊಮ್ಮಗಳ ಫೋಟೋ ತೋರಿಸಿದರು. ಚಹಾ ಕುಡಿದು, ‘ತೀರ್ಥಹಳ್ಳಿ ಬಸ್ಸು ಎಷ್ಟು ಹೊತ್ತಿಗೆ?’ ಎಂದು ಕೇಳಿಕೊಂಡು ಹೊರಟರು.