ಹದಿನಾಲ್ಕು ವಾರದ ಮೇಲೆ ಇಪ್ಪತ್ತು ನಿಮಿಷ

ಭಾನುವಾರ, 17 ನವೆಂಬರ್ 2024
ಬಸವನಗುಡಿ

ಅಲಾರಂ ಇಟ್ಟಿದ್ದು ಆರಕ್ಕೆ. ಐದೂವರೆಗೇ ಎಚ್ಚರವಾಯಿತು. ಇವತ್ತು ಎಫ್‌ಟಿಪಿ ಟೆಸ್ಟ್, ಅಂದರೆ ಸೈಕಲ್ ತುಳಿಯುವ ಶಕ್ತಿ ಎಷ್ಟಿದೆ ಎಂದು ಅಳೆಯುವ ಪರೀಕ್ಷೆ.

ಆಗಸ್ಟ್ 11ರಂದು ಮಳೆಯಲ್ಲಿ ಸೈಕಲ್ಲಿನ ಮುಂದಿನ ಚಕ್ರ ಜಾರಿ ಬಿದ್ದೆ. ಎಡಗಡೆ ಕಾಲರ್ ಬೋನ್ ಮುರಿಯಿತು. ಆರು ವಾರ ಕೈ ಸ್ಲಿಂಗ್‌ನಲ್ಲೇ ಇತ್ತು. ಆಮೇಲೆ ಫಿಸಿಯೊ, ರಬ್ಬರ್ ಬ್ಯಾಂಡ್, ಗೋಡೆ ಮೇಲೆ ಬೆರಳು ಹತ್ತಿಸುವ ವ್ಯಾಯಾಮ. ನಾಲ್ಕು ವಾರದಿಂದ ಮನೆಯಲ್ಲೇ ಟ್ರೇನರ್ (ಸೈಕಲ್ಲನ್ನು ನಿಂತಲ್ಲೇ ತುಳಿಯಲು ಹಿಡಿದಿಡುವ ಸ್ಟ್ಯಾಂಡ್) ಮೇಲೆ ಮೆಲ್ಲಗೆ ತುಳಿಯುತ್ತಿದ್ದೇನೆ. ಮೊನ್ನೆ ಎಕ್ಸ್‌ರೇ ನೋಡಿ ಡಾಕ್ಟರು, "ಮನೆಯೊಳಗೆ ಜೋರಾಗಿ ತುಳಿಯಬಹುದು" ಎಂದರು.

ಮೊದಲೆಲ್ಲ ಈ ಟೆಸ್ಟ್‌ಗೆ ನಂದಿ ಬೆಟ್ಟಕ್ಕೇ ಹೋಗುತ್ತಿದ್ದೆ. ಇಪ್ಪತ್ತು ನಿಮಿಷ ಕಾಲು ನಿಲ್ಲಿಸದೆ ತುಳಿಯಬೇಕಲ್ವಾ? ಊರೊಳಗೆ ಅಂಥ ರಸ್ತೆ ಎಲ್ಲಿದೆ, ಎರಡು ನಿಮಿಷಕ್ಕೊಂದು ಸಿಗ್ನಲ್. ಬೆಟ್ಟ ಹತ್ತುವುದು ಈಗಲೂ ಆದೀತು. ಭಯ ಇಳಿಯುವುದರದ್ದು. 1,478 ಮೀಟರ್ ಎತ್ತರದಿಂದ ತಿರುವು ತಿರುವಿಗೂ ಬ್ರೇಕ್ ಹಿಡಿದು ಇಳಿಯುವಾಗ ಮೈಭಾರವೆಲ್ಲ ಅಂಗೈ ಮೇಲೆ, ಅಲ್ಲಿಂದ ನೇರ ಭುಜಕ್ಕೆ. ಹಾಗಾಗಿ ಹಜಾರದಲ್ಲೇ ಟ್ರೇನರ್, ಎದುರಿಗೆ ಟೇಬಲ್ ಫ್ಯಾನ್. ಒಳಗೆ ಗಾಳಿಯಿಲ್ಲದೆ ತುಳಿದರೆ ಮೈ ಕಾದು ಎದೆಬಡಿತ ಸುಮ್ನೆ ಏರುತ್ತದೆ.

ಇಪ್ಪತ್ತು ನಿಮಿಷ ವಾರ್ಮಪ್. ಅದಾದ ಮೇಲೆ ಐದು ನಿಮಿಷ ಜೋರು, ಹತ್ತು ನಿಮಿಷ ಹಗುರ. ಆಮೇಲೆ ನಿಜವಾದ ಇಪ್ಪತ್ತು ನಿಮಿಷ. ಅದರ ಸರಾಸರಿ ವ್ಯಾಟ್‌ನಲ್ಲಿ ಶೇಕಡಾ 95ರಷ್ಟನ್ನು ಎಫ್‌ಟಿಪಿ ಎಂದು ಹಿಡಿಯುತ್ತಾರೆ. ಸುಮಾರು ಒಂದು ಗಂಟೆ ಕಾಲ ಎಳೆಯಬಹುದಾದ ಶಕ್ತಿಯ ಅಂದಾಜು ಅದು. ಜುಲೈನಲ್ಲಿ ನನ್ನ ಸರಾಸರಿ 221, ಎಫ್‌ಟಿಪಿ 210.

ಕಾಲಿಗೆ ಇನ್ನೂ ಜುಲೈ ನೆನಪೇ ಇತ್ತು. ಮೊದಲ ನಾಲ್ಕು ನಿಮಿಷ 200ರಲ್ಲೇ ಹೋದೆ. ಆರಾಮ ಅನ್ನಿಸಿತು. ಐದನೇ ನಿಮಿಷಕ್ಕೆ ಎದೆಬಡಿತ 172! ಮುಂಚೆ ಇಷ್ಟೇ ವ್ಯಾಟ್‌ಗೆ 160 ದಾಟುತ್ತಿರಲಿಲ್ಲ.

ಇದಕ್ಕೆ ಕಾರಣ ಓದಿ ತಿಳಿದಿದ್ದೆ, ಇವತ್ತು ಮೈಯಲ್ಲೇ ಗೊತ್ತಾಯಿತು. ತುಳಿಯುವುದು ಬಿಟ್ಟರೆ ಮೊದಲು ಇಳಿಯುವುದು ಕಾಲಿನ ಬಲವಲ್ಲ, ರಕ್ತದ ನೀರಿನಂಶ. ಎರಡು ವಾರದೊಳಗೇ ಅದು ಕಡಿಮೆಯಾಗುತ್ತದೆ. ಆಗ ಒಂದೊಂದು ಬಡಿತಕ್ಕೂ ಹೃದಯ ತಳ್ಳುವ ರಕ್ತ ಕಡಿಮೆ, ಸರಿದೂಗಿಸಲು ಬಡಿತ ಜಾಸ್ತಿ. ನಾಲ್ಕು ವಾರದ ಮೆಲ್ಲನೆಯ ತುಳಿತದಲ್ಲಿ ಸ್ವಲ್ಪ ವಾಪಸ್ ಬಂದಿರಬೇಕು, ಪೂರ್ತಿ ಬಂದಿಲ್ಲ.

170 ವ್ಯಾಟ್‌ಗೆ ಇಳಿಸಿದೆ. ಮನಸ್ಸಿಗೆ ಬಹಳ ಕಷ್ಟವಾಯಿತು. ಆದರೆ ಹಟ ಹಿಡಿದು 200ರಲ್ಲೇ ಉಳಿದಿದ್ದರೆ ಹತ್ತನೇ ನಿಮಿಷಕ್ಕೆ ನಿಲ್ಲಿಸಬೇಕಾಗುತ್ತಿತ್ತು. ಹನ್ನೆರಡನೇ ನಿಮಿಷದಲ್ಲಿ ಅಮ್ಮ ಅಡುಗೆಮನೆಯಿಂದ ಬಂದರು. ನನ್ನ ಮುಖ ನೋಡಿ, "ಭುಜ ನೋಯ್ತಿದೆಯೇನೋ?" ಎಂದರು. ಮಾತಾಡುವಷ್ಟು ಉಸಿರಿರಲಿಲ್ಲ, ಇಲ್ಲವೆಂದು ತಲೆಯಾಡಿಸಿದೆ. ನಿಜಕ್ಕೂ ನೋವಿರಲಿಲ್ಲ. ಆದರೆ ಎಡಗೈ ಹ್ಯಾಂಡಲ್ ಮೇಲೆ ಸುಮ್ನೆ ಕೂತಿತ್ತು, ಬಲಗೈ ಒಂದೇ ಎಳೆಯುತ್ತಿತ್ತು. ಇದನ್ನು ಯಾವ ಮೀಟರ್ರೂ ತೋರಿಸುವುದಿಲ್ಲ. ಫಿಸಿಯೊಗೆ ಹೇಳಬೇಕು. ಅಮ್ಮ ಫ್ಯಾನ್ ಇನ್ನೊಂದು ಗೇಣು ಹತ್ತಿರಕ್ಕೆ ಎಳೆದಿಟ್ಟು, ಮುಗಿಯುವವರೆಗೂ ಬಾಗಿಲ ಹತ್ತಿರವೇ ನಿಂತಿದ್ದರು. ಕೊನೆಯ ಐದು ನಿಮಿಷ ಮತ್ತೆ 180 ವ್ಯಾಟ್ ಹತ್ತಿರ ಹೋಯಿತು.

ಸರಾಸರಿ 178. ಎಫ್‌ಟಿಪಿ 169.

"ಎಷ್ಟು ಬಂತು?"

"ನಲವತ್ತೊಂದು ಕಡಿಮೆ, ಅಮ್ಮ."

"ಕೈ ಎತ್ತಿ ತಲೆ ಬಾಚೋಕೂ ಆಗ್ತಿರಲಿಲ್ಲ ನಿಂಗೆ, ದಸರಾ ಹೊತ್ತಿಗೆ."

ಹೌದು. ಅದನ್ನು ಮರೆತೇಬಿಟ್ಟಿದ್ದೆ.

ಸ್ನಾನ ಮುಗಿಸಿ ಸೈಕಲ್ ಕಂಪ್ಯೂಟರ್‌ನಲ್ಲಿ 210 ಅಳಿಸಿ 169 ಹಾಕಿದೆ. ದಿನದಿನದ ತುಳಿತದ ಗುರಿ ಈ ಸಂಖ್ಯೆಯಿಂದಲೇ ಲೆಕ್ಕವಾಗುವುದರಿಂದ, ಹಳೆಯದು ಹಾಗೇ ಇದ್ದಿದ್ದರೆ ಹಗುರ ತುಳಿಯಬೇಕಾದ ದಿನವೂ ದಣಿವೇ ಆಗುತ್ತಿತ್ತು. ಮುಂದಿನ ಟೆಸ್ಟ್ ಆರು ವಾರದ ಮೇಲೆ.

ರಸ್ತೆಗೆ ಇನ್ನೂ ಇಳಿಯುವುದಿಲ್ಲ. ಮುಂದಿನ ಸೋಮವಾರ ಕಡಲೆಕಾಯಿ ಪರಿಷೆ, ಬುಲ್ ಟೆಂಪಲ್ ರಸ್ತೆಯಲ್ಲಿ ನಡೆಯಲೂ ಜಾಗ ಇರುವುದಿಲ್ಲ. ಜನಸಂದಣಿ ಕರಗಿದ ಮೇಲೆ, ಡಾಕ್ಟರು ಸರಿ ಅಂದರೆ, ಒಂದು ಬೆಳಿಗ್ಗೆ ಕಬ್ಬನ್ ಪಾರ್ಕ್‌ವರೆಗೆ. ಬಿದ್ದಾಗ ಹಾಕಿದ್ದ ಹೆಲ್ಮೆಟ್ ಮೇಲೆ ಬಿರುಕು ಕಾಣುವುದಿಲ್ಲ. ಆದರೂ ಪೆಟ್ಟು ತಿಂದ ಫೋಮ್ ಇನ್ನೊಂದು ಪೆಟ್ಟಿಗೆ ಆಗುವುದಿಲ್ಲ. ಹೊಸದು ತರಬೇಕು. ಎಡಗಡೆ ಹರಿದ ಹ್ಯಾಂಡಲ್ ಟೇಪನ್ನು ಸಂಜೆ ಕೂತು ಬಿಚ್ಚಿದೆ. ಒಳಗೆ ಆವತ್ತಿನ ಕೆಮ್ಮಣ್ಣು ಇನ್ನೂ ಅಂಟಿಕೊಂಡಿತ್ತು.