ಇಟಲಿಗೆ ಹೋದ ಕಪ್ಪು ಬಿಳಿ ಪಟ್ಟೆ

ಇಳಕಲ್ ಬಜಾರಿನಲ್ಲಿ ಕಪ್ಪು ಬಿಳಿ ಪಟ್ಟೆಯ ಟೀ ಶರ್ಟ್ ಹಾಕಿಕೊಂಡು ಓಡಾಡುವ ಹುಡುಗರನ್ನು ನೀವೂ ನೋಡಿರುತ್ತೀರಿ. ಬೆನ್ನ ಮೇಲೆ 7, ಅದರ ಮೇಲೆ ರೊನಾಲ್ಡೊ ಹೆಸರು. ಅದು ಇಟಲಿಯ ಯುವೆಂಟಸ್ ತಂಡದ ಅಂಗಿ. ಆದರೆ ಆ ಪಟ್ಟೆ ಇಟಲಿಯದಲ್ಲ. ನಾನು ಈಗ ಸಂಸಾರ ಹೂಡಿರುವ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನದು. ಇಲ್ಲಿನ ನಾಟ್ಸ್ ಕೌಂಟಿ ಎಂಬ ಕ್ಲಬ್ಬಿನದು.

ಯುವೆಂಟಸ್ ಹುಟ್ಟಿದ್ದು 1897ರಲ್ಲಿ, ತುರಿನ್ ಊರಲ್ಲಿ. ಶುರುವಿನಲ್ಲಿ ಅವರದು ಗುಲಾಬಿ ಬಣ್ಣದ ಅಂಗಿ. ಒಗೆದು ಒಗೆದು ಆ ಗುಲಾಬಿ ಮಾಸಿ ಹೋಯಿತು. ತಂಡದಲ್ಲಿ ಜಾನ್ ಸ್ಯಾವೇಜ್ ಎಂಬ ಇಂಗ್ಲಿಷಿನವನಿದ್ದ. ನಿಮ್ಮ ದೇಶದಿಂದ ಬಣ್ಣ ನಿಲ್ಲುವ ಅಂಗಿ ತರಿಸಿಕೊಡು ಅಂತ ಅವನಿಗೆ ಗಂಟುಬಿದ್ದರು. ಅವನಿಗೆ ನಾಟಿಂಗ್‌ಹ್ಯಾಮ್‌ನಲ್ಲಿ ಒಬ್ಬ ಗೆಳೆಯ. ಆ ಗೆಳೆಯ ನಾಟ್ಸ್ ಕೌಂಟಿಯ ಅಭಿಮಾನಿ. ಬೇರೆ ಯಾವುದೋ ಬಣ್ಣ ಯಾಕೆ, ನಮ್ಮ ತಂಡದ್ದೇ ಇರಲಿ ಎಂದು ಕಪ್ಪು ಬಿಳಿ ಪಟ್ಟೆಯ ಅಂಗಿಗಳನ್ನು ಕಳಿಸಿಬಿಟ್ಟ. ಇದು 1903ರ ಮಾತು. ಯುವೆಂಟಸ್‌ನ ಬಣ್ಣ ಇವತ್ತಿಗೂ ಅದೇ ಕಪ್ಪು ಬಿಳಿ.

ಇದನ್ನು ಫೋನಿನಲ್ಲಿ ನಮ್ಮ ಕಾಕಾನಿಗೆ ಹೇಳಿದೆ. ಕಾಕಾ ಇಳಕಲ್‌ನಲ್ಲಿ ನೂಲಿಗೆ ಬಣ್ಣ ಹಾಕುವ ಕೆಲಸದಲ್ಲೇ ಕೂದಲು ಹಣ್ಣು ಮಾಡಿಕೊಂಡವರು. ಫುಟ್‌ಬಾಲ್ ಅಂದರೆ ಏನೂ ಗೊತ್ತಿಲ್ಲ. ಆದರೆ ಕಥೆ ಕೇಳಿ ನಕ್ಕರು. "ಗುಲಾಬಿ ನಿಲ್ಲೂದಿಲ್ಲೋ ತಮ್ಮಾ. ಬಿಸಲಿಗೂ ಹೋಗ್ತದ, ನೀರಿಗೂ ಹೋಗ್ತದ. ಕರೀದು ಹಾಕಿದ್ರ ಚಿಂತಿ ಇಲ್ಲ, ಆದ್ರ ಬಾಜೂಕ ಬಿಳೀದು ಹಾಕ್ಯಾರಲ್ಲ, ಅದಕ್ಕ ಧೈರ್ಯ ಬೇಕು" ಅಂದರು. ಕಪ್ಪು ಬಣ್ಣ ಬಿಟ್ಟರೆ ಪಕ್ಕದ ಬಿಳಿ ಕೆಡುತ್ತದೆ ಅಂತ ಅವರ ಲೆಕ್ಕ. ಅಂಗಿ ಮಾಡಿದ ನಾಟಿಂಗ್‌ಹ್ಯಾಮ್‌ನವರು ಕೆಲಸ ಬಲ್ಲವರು ಅನ್ನೋದು ಅವರ ತೀರ್ಪು.

ಬಲ್ಲವರೇ. ಈ ಊರು ಬಟ್ಟೆಯ ಮೇಲೆ ಬದುಕಿದ ಊರು. ಕಾಲುಚೀಲ ಹೆಣೆಯುವ ಯಂತ್ರವನ್ನು 1589ರಲ್ಲಿ ವಿಲಿಯಂ ಲೀ ಮಾಡಿದ್ದು ಇಲ್ಲೇ ಪಕ್ಕದ ಕ್ಯಾಲ್ವರ್ಟನ್ ಎಂಬ ಹಳ್ಳಿಯಲ್ಲಿ. ಆಮೇಲೆ ನಾಟಿಂಗ್‌ಹ್ಯಾಮ್ ಲೇಸ್ ಜಗತ್ತಿಗೇ ಹೋಯಿತು. ಲೇಸ್ ಮಾರ್ಕೆಟ್ ಎಂಬ ಓಣಿಗಳ ಕೆಂಪು ಇಟ್ಟಿಗೆಯ ದೊಡ್ಡ ಗೋದಾಮುಗಳು ಈಗಲೂ ನಿಂತಿವೆ. ಒಳಗೆ ಲೇಸ್ ಇಲ್ಲ, ಫ್ಲ್ಯಾಟು ಮತ್ತು ಬಾರುಗಳಿವೆ. 1811ರಲ್ಲಿ ಕೂಲಿ ಕಡಿತ ತಾಳಲಾರದೆ ಯಂತ್ರಗಳನ್ನು ಒಡೆದ ಲಡ್ಡೈಟರ ಗಲಾಟೆ ಶುರುವಾಗಿದ್ದೂ ಈ ಜಿಲ್ಲೆಯಲ್ಲೇ. ಮಾರನೇ ವರ್ಷ ಸರ್ಕಾರ ಯಂತ್ರ ಒಡೆದವರಿಗೆ ಗಲ್ಲು ಎಂದು ಕಾನೂನು ಮಾಡಿತು. ಪವರ್‌ಲೂಮ್ ಬಂದ ಮೇಲೆ ನಮ್ಮ ಕಡೆ ಎಷ್ಟು ಮನೆಗಳಲ್ಲಿ ಮಗ್ಗದ ಸದ್ದು ನಿಂತಿತು ಎಂದು ಗೊತ್ತಿರುವ ನಮಗೆ ಈ ಇತಿಹಾಸ ಬಿಡಿಸಿ ಹೇಳಬೇಕಿಲ್ಲ.

ಕ್ಲಬ್ಬಿಗೆ ಬರೋಣ. ನಾಟ್ಸ್ ಕೌಂಟಿ ಶುರುವಾಗಿದ್ದು 1862ರಲ್ಲಿ. ಇಂಗ್ಲೆಂಡಿನ ಫುಟ್‌ಬಾಲ್ ಸಂಸ್ಥೆ ಹುಟ್ಟಿದ್ದೇ 1863ರಲ್ಲಿ. ಅಂದರೆ ಆಟಕ್ಕೆ ಒಂದು ಪಕ್ಕಾ ನಿಯಮದ ಪುಸ್ತಕ ಬರುವ ಮೊದಲೇ ಇವರು ಆಡುತ್ತಿದ್ದರು. ಶೆಫೀಲ್ಡ್ ಎಂಬ ಕ್ಲಬ್ಬು 1857ರದು, ಇನ್ನೂ ಹಳೆಯದು. ಆದರೆ ಅವರು ಹವ್ಯಾಸಿಗಳು. ಸಂಬಳ ಕೊಟ್ಟು ಆಡಿಸುವ ವೃತ್ತಿಪರ ಕ್ಲಬ್ಬುಗಳಲ್ಲಿ ಇದೇ ಜಗತ್ತಿನ ಹಿರಿಯಜ್ಜ. ಮೊದಮೊದಲು ಕೋಟೆಯ ಹತ್ತಿರದ ಬಯಲಿನಲ್ಲಿ ಶ್ರೀಮಂತರ ಮಕ್ಕಳು ತಮ್ಮ ತಮ್ಮಲ್ಲೇ ಆಡಿಕೊಳ್ಳುತ್ತಿದ್ದರು. 1864ರಲ್ಲಿ ಜಾರ್ಜ್ ಹೋಟೆಲಿನಲ್ಲಿ ಸಭೆ ಸೇರಿ ಕ್ಲಬ್ಬಿಗೆ ಒಂದು ಕ್ರಮ ತಂದರು.

1888ರಲ್ಲಿ 12 ಕ್ಲಬ್ಬುಗಳು ಸೇರಿ ಫುಟ್‌ಬಾಲ್ ಲೀಗ್ ಕಟ್ಟಿದಾಗ ಅದರಲ್ಲಿ ನಾಟ್ಸ್ ಕೌಂಟಿಯೂ ಇತ್ತು. ಅದೇ ವರ್ಷ ನಮ್ಮಲ್ಲಿ ಶಿಮ್ಲಾದಲ್ಲಿ ಡ್ಯುರಾಂಡ್ ಕಪ್ ಶುರುವಾಯಿತು ಅನ್ನೋದು ನೆನಪಿರಲಿ. ಮೊದಲ ಲೀಗಿನಲ್ಲಿ ಕೌಂಟಿಗೆ ಬಂದದ್ದು 11ನೇ ಸ್ಥಾನ. ಹಿರಿತನಕ್ಕೂ ಗೆಲುವಿಗೂ ಅಂಥ ನಂಟಿಲ್ಲ ಅಂತ ಆವತ್ತೇ ತಿಳಿದಿತ್ತು ಬಿಡಿ.

ದೊಡ್ಡ ಕಪ್ ಎಂದು ಹೇಳಿಕೊಳ್ಳಲು ಒಂದೇ ಒಂದಿದೆ. 1894ರ ಎಫ್‌ಎ ಕಪ್, ಅಂದರೆ ಇಂಗ್ಲೆಂಡಿನ ಫುಟ್‌ಬಾಲ್ ಸಂಸ್ಥೆ ನಡೆಸುವ ಕಪ್. ಫೈನಲ್‌ನಲ್ಲಿ ಬೋಲ್ಟನ್ ತಂಡವನ್ನು 4-1ರಿಂದ ಸೋಲಿಸಿದರು. ಆಗ ಕೌಂಟಿ ಲೀಗಿನ ಎರಡನೇ ದರ್ಜೆಯಲ್ಲಿತ್ತು, ಅಂದರೆ ದೊಡ್ಡ ತಂಡಗಳ ಕೆಳಗಿನ ಮಟ್ಟದಲ್ಲಿ. ಆ ದರ್ಜೆಯಿಂದ ಬಂದು ಕಪ್ ಗೆದ್ದ ಮೊದಲ ತಂಡ ಅದು. ಜಿಮ್ಮಿ ಲೋಗನ್ ಎಂಬ ಸ್ಕಾಟ್‌ಲೆಂಡಿನ ಹುಡುಗ ಮೂರು ಗೋಲು ಹೊಡೆದ. ಎರಡೇ ವರ್ಷಕ್ಕೆ, 25ನೇ ವಯಸ್ಸಿನಲ್ಲಿ, ನ್ಯುಮೋನಿಯಾದಿಂದ ತೀರಿಕೊಂಡ. ಅವನ ಹೆಸರು ಇಲ್ಲಿನ ಮುದುಕರ ಬಾಯಲ್ಲಿ ನಿನ್ನೆ ಮೊನ್ನೆ ಆಡಿ ಹೋದವನ ಹಾಗೆ ಬರುತ್ತದೆ.

ನಮ್ಮ ಓದುಗರಿಗೆ ಹತ್ತಿರದ ವಿಷಯ ಇನ್ನೊಂದಿದೆ. 1883ರಿಂದ 1910ರವರೆಗೆ ಈ ಕ್ಲಬ್ಬಿನ ಮನೆ ಟ್ರೆಂಟ್ ಬ್ರಿಡ್ಜ್. ಹೌದು, ಅದೇ ಕ್ರಿಕೆಟ್ ಮೈದಾನ. ನಮ್ಮ ದ್ರಾವಿಡ್ 2002ರಲ್ಲಿ 115 ಹೊಡೆದು ಟೆಸ್ಟ್ ಉಳಿಸಿದ್ದು ಅಲ್ಲೇ, 2011ರಲ್ಲಿ 117 ಹೊಡೆದಿದ್ದೂ ಅಲ್ಲೇ. ಕ್ರಿಕೆಟ್ ನಡೆಯುವಾಗ ಫುಟ್‌ಬಾಲಿನವರು ಜಾಗ ಖಾಲಿ ಮಾಡಬೇಕಿತ್ತು. ಸೀಸನ್ನಿನ ಶುರು ಮತ್ತು ಕೊನೆಯ ಆಟಗಳಿಗೆ ಬೇರೆಯವರ ಮೈದಾನ ಕೇಳಿಕೊಂಡು ಹೋಗುತ್ತಿದ್ದರು. ಬಾಡಿಗೆ ಮನೆಯ ಗೋಳು ಸಾಕಾಗಿ 1910ರಲ್ಲಿ ಟ್ರೆಂಟ್ ನದಿಯ ಆಚೆ ದಡಕ್ಕೆ, ಮೆಡೋ ಲೇನ್‌ಗೆ ಬಂದರು. ಅಲ್ಲಿನ ಮೊದಲ ಆಟವೇ ಊರಿನ ಇನ್ನೊಂದು ತಂಡ ನಾಟಿಂಗ್‌ಹ್ಯಾಮ್ ಫಾರೆಸ್ಟ್ ವಿರುದ್ಧ. 1-1.

ಫಾರೆಸ್ಟ್ ಹೆಸರು ನೀವು ಕೇಳಿರುತ್ತೀರಿ. 1865ರಲ್ಲಿ ಹುಟ್ಟಿದ ತಮ್ಮ. ಬ್ರಯಾನ್ ಕ್ಲಫ್ ಎಂಬ ಮ್ಯಾನೇಜರ್ ಕೈಯಲ್ಲಿ 1979 ಮತ್ತು 1980ರಲ್ಲಿ ಸತತವಾಗಿ ಯುರೋಪಿಯನ್ ಕಪ್ ಗೆದ್ದ ತಂಡ. ಎರಡೂ ಸ್ಟೇಡಿಯಂ ಎದುರು ಬದುರು, ನಡುವೆ ನದಿ. ತಮಾಷೆ ಏನೆಂದರೆ, ಫಾರೆಸ್ಟಿನ 'ಸಿಟಿ ಗ್ರೌಂಡ್' ಇರೋದು ನಗರದ ಗಡಿಯ ಆಚೆ. 'ಕೌಂಟಿ' ಎಂದು ಜಿಲ್ಲೆಯ ಹೆಸರಿಟ್ಟುಕೊಂಡವರ ಮೈದಾನ ಇರೋದು ನಗರದ ಒಳಗೆ. ಶನಿವಾರ ಫಾರೆಸ್ಟ್ ಗೆದ್ದರೆ ಈಚೆ ದಡದ ಕೌಂಟಿಯವರು ಹವಾಮಾನದ ಬಗ್ಗೆ ಮಾತಾಡುತ್ತಾರೆ.

ನಮ್ಮ ಓಣಿಯಲ್ಲಿ ಒಬ್ಬ ಅಜ್ಜ ಇದ್ದಾರೆ. ಬಸ್ ಓಡಿಸಿ ರಿಟೈರ್ ಆದವರು. ನನ್ನನ್ನು ಮೆಡೋ ಲೇನ್‌ಗೆ ಮೊದಲು ಕರೆದುಕೊಂಡು ಹೋದದ್ದು ಅವರೇ. ಅವರ ಅಪ್ಪ ಟಾಮಿ ಲಾಟನ್‌ನನ್ನು ನೋಡಿದ್ದರಂತೆ. ಇಂಗ್ಲೆಂಡ್ ತಂಡದ ಸೆಂಟರ್ ಫಾರ್ವರ್ಡ್ ಲಾಟನ್ 1947ರಲ್ಲಿ ಚೆಲ್ಸಿ ಬಿಟ್ಟು ಮೂರನೇ ದರ್ಜೆಯ ಈ ಕ್ಲಬ್ಬಿಗೆ ಬಂದ. ಕೊಟ್ಟ ಹಣ 20,000 ಪೌಂಡ್, ಆಗ ಬ್ರಿಟನ್ನಿನ ದಾಖಲೆ. ಮೂರನೇ ದರ್ಜೆಯಲ್ಲಿ ಆಡುತ್ತಲೇ ದೇಶಕ್ಕೂ ಆಡಿದ. ಅವನನ್ನು ನೋಡಲು ಜನ ಮುಗಿಬಿದ್ದರು. ಆದರೆ ಅಜ್ಜನಿಗೆ ದೇವರು ಅಂದರೆ ಜಿಮ್ಮಿ ಸಿರೆಲ್. ಈ ಗಿಡ್ಡ ಸ್ಕಾಟ್ ಮ್ಯಾನೇಜರ್ ಕ್ಲಬ್ಬನ್ನು ನಾಲ್ಕನೇ ದರ್ಜೆಯಿಂದ ಎತ್ತಿ, 1981ರಲ್ಲಿ ಮೊದಲ ದರ್ಜೆಗೆ ತಲುಪಿಸಿದ. ಸ್ಟೇಡಿಯಂನ ಒಂದು ಸ್ಟ್ಯಾಂಡಿಗೆ ಅವನದೇ ಹೆಸರು. ಹೊರಗೆ ಅವನದೂ ಅವನ ಜೊತೆಗಾರ ಜ್ಯಾಕ್ ವೀಲರ್‌ನದೂ ಪ್ರತಿಮೆ ಇದೆ.

ಈಗ 2009. ಈ ಭಾಗ ಹೇಳುವಾಗ ಅಜ್ಜನ ದನಿ ಏರುತ್ತದೆ.

ಅದಕ್ಕೆ ಮುಂಚೆ ಕ್ಲಬ್ಬು ಸಾಲದಲ್ಲಿ ಮುಳುಗಿ, ಕೋರ್ಟು ಕಚೇರಿ ನೋಡಿ, ವರ್ಷಕ್ಕೂ ಜಾಸ್ತಿ ಒದ್ದಾಡಿ ಬದುಕಿ ಬಂದಿತ್ತು. ಉಳಿಸಿಕೊಂಡವರಲ್ಲಿ ಅಭಿಮಾನಿಗಳ ಟ್ರಸ್ಟೂ ಇತ್ತು. ಮುಂದೆ ಕ್ಲಬ್ಬಿನ ಹೆಚ್ಚಿನ ಪಾಲು ಟ್ರಸ್ಟಿನ ಕೈಗೇ ಬಂತು. ಟಿಕೆಟ್ ಕೊಂಡು ಬೆಂಚಿನ ಮೇಲೆ ಕೂರುವವರೇ ಮಾಲೀಕರು, ಯೋಚಿಸಿ. ಆಗ ಬಂತು ಮುಂಟೋ ಫೈನಾನ್ಸ್ ಎಂಬ ಕಂಪನಿ. ಹಿಂದೆ ಅರಬ್ ದೇಶದ ದೊಡ್ಡ ಹಣ ಇದೆ ಎಂಬ ಮಾತು. ಟ್ರಸ್ಟಿನ ಸದಸ್ಯರು ಮತ ಹಾಕಿ ತಮ್ಮ ಪಾಲನ್ನು ಬಿಟ್ಟುಕೊಟ್ಟರು. ಇಂಗ್ಲೆಂಡ್ ತಂಡದ ಕೋಚ್ ಆಗಿದ್ದ ಸ್ವೆನ್ ಗೋರಾನ್ ಎರಿಕ್ಸನ್ ನಾಲ್ಕನೇ ದರ್ಜೆಯ ಈ ಕ್ಲಬ್ಬಿಗೆ ಫುಟ್‌ಬಾಲ್ ಡೈರೆಕ್ಟರ್ ಆಗಿ ಬಂದ. ಸೋಲ್ ಕ್ಯಾಂಪ್‌ಬೆಲ್, ಇಂಗ್ಲೆಂಡಿನ ಹೆಸರಾಂತ ಡಿಫೆಂಡರ್, ಐದು ವರ್ಷಕ್ಕೆ ಸಹಿ ಹಾಕಿದ. ಮೊರ್ಕಂಬ್ ಎಂಬ ಸಣ್ಣ ಊರಲ್ಲಿ ಒಂದು ಆಟ ಆಡಿದ, 2-1ರಿಂದ ಸೋತರು, ಅವನು ಗಂಟು ಕಟ್ಟಿಕೊಂಡು ಹೋಗಿಬಿಟ್ಟ.

ಹಣ ಬರಲೇ ಇಲ್ಲ. ಇರಲೂ ಇಲ್ಲ. ಸ್ವೆನ್‌ನನ್ನು ಇದೇ ಗುಂಪು ಉತ್ತರ ಕೊರಿಯಾಕ್ಕೂ ಕರೆದುಕೊಂಡು ಹೋಗಿತ್ತು ಎಂದು ಅವನೇ ಆಮೇಲೆ ಹೇಳಿಕೊಂಡ. ವರ್ಷ ಮುಗಿಯುವಷ್ಟರಲ್ಲಿ ಕ್ಲಬ್ಬು ಒಂದು ಪೌಂಡಿಗೆ ಕೈಬದಲಾಯಿತು. ಮತ್ತೆರಡು ತಿಂಗಳಿಗೆ ಮತ್ತೊಬ್ಬರಿಗೆ, ಮತ್ತೂ ಒಂದು ಪೌಂಡಿಗೆ, ಸಾಲದ ಸಮೇತ. ನಮ್ಮ ಕಡೆ ಜಾಸ್ತಿ ಬಡ್ಡಿ ಕೊಡ್ತೀವಿ ಅಂತ ಬೋರ್ಡು ಹಾಕಿ ರಾತ್ರೋರಾತ್ರಿ ಬಾಗಿಲು ಹಾಕುವ ಫೈನಾನ್ಸುಗಳಿಗೂ ಇದಕ್ಕೂ ಏನೂ ಫರಕಿಲ್ಲ. ಸೂಟು ಮಾತ್ರ ಚೆನ್ನಾಗಿತ್ತು. ಮತ ಹಾಕಿದವರನ್ನು ಬೈಯುವ ಮನಸ್ಸು ನನಗಿಲ್ಲ. ವರ್ಷಗಟ್ಟಲೆ ಡಬ್ಬಿ ಹಿಡಿದು ಚಿಲ್ಲರೆ ಕೂಡಿಸಿ ಕ್ಲಬ್ಬು ನಡೆಸಿದವರು ಅವರು. ದಣಿದಿದ್ದರು. ವಿಚಿತ್ರ ನೋಡಿ, ಇಷ್ಟೆಲ್ಲ ಗೊಂದಲದ ನಡುವೆ ಆಟಗಾರರು ಮಾತ್ರ ಆಡುತ್ತಲೇ ಇದ್ದರು. ಆ ಸೀಸನ್ನಿನ ಕೊನೆಗೆ ನಾಲ್ಕನೇ ದರ್ಜೆಯ ಚಾಂಪಿಯನ್ನರಾದರು.

2011ರಲ್ಲಿ ಯುವೆಂಟಸ್ ತುರಿನ್‌ನಲ್ಲಿ ಹೊಸ ಸ್ಟೇಡಿಯಂ ಕಟ್ಟಿತು. ಉದ್ಘಾಟನೆಯ ಆಟಕ್ಕೆ ಯಾರನ್ನು ಕರೆಯಬೇಕು? ರಿಯಲ್ ಮ್ಯಾಡ್ರಿಡ್ ಕರೆಯಬಹುದಿತ್ತು, ಬಾರ್ಸಿಲೋನಾ ಕರೆಯಬಹುದಿತ್ತು. ಕರೆದದ್ದು ಅಂಗಿ ಕೊಟ್ಟವರನ್ನು. ಆಟ 1-1. ಕೌಂಟಿ ಪರ ಗೋಲು ಹೊಡೆದದ್ದು ಲೀ ಹ್ಯೂಸ್. ಕಾಕಾನಿಗೆ ಇಡೀ ಕಥೆಯಲ್ಲಿ ತುಂಬಾ ಹಿಡಿಸಿದ್ದು ಇದೇ. "ನೂರಾ ಎಂಟು ವರ್ಷ ಆದಮ್ಯಾಲೂ ನೆನಪಿಟ್ರಲ್ಲ, ಅವ್ರು ಮನಷ್ಯಾರು" ಅಂದರು. ಲೆಕ್ಕವನ್ನೂ ಅವರೇ ಮಾಡಿದ್ದು.

2019ರ ಮೇ ತಿಂಗಳಲ್ಲಿ ಆಗಬಾರದ್ದು ಆಯಿತು. ಸ್ವಿಂಡನ್‌ನಲ್ಲಿ 3-1ರಿಂದ ಸೋತು ಕೌಂಟಿ ಲೀಗಿನಿಂದಲೇ ಹೊರಬಿತ್ತು. ತಾನೇ ಸೇರಿ ಕಟ್ಟಿದ ಲೀಗು, 131 ವರ್ಷ. ಅಲ್ಲಿಂದ ಕೆಳಗೆ ಐದನೇ ದರ್ಜೆ. ಅದೇ ಬೇಸಿಗೆಯಲ್ಲಿ ಕ್ಲಬ್ಬನ್ನು ಡೆನ್ಮಾರ್ಕಿನ ರೀಡ್ಟ್ಸ್ ಸಹೋದರರು ಕೊಂಡರು. ಅವರದು ಫುಟ್‌ಬಾಲ್ ಅಂಕಿಅಂಶದ ಕಂಪನಿ. ಈ ಸಲ ದೊಡ್ಡ ಮಾತು ಇರಲಿಲ್ಲ, ಲೆಕ್ಕ ಇತ್ತು.

2022-23ರ ಸೀಸನ್ ಬಗ್ಗೆ ಎಷ್ಟು ಹೇಳಿದರೂ ಕಡಿಮೆ. ಮೆಕಾಲೆ ಲ್ಯಾಂಗ್‌ಸ್ಟಾಫ್ ಒಬ್ಬನೇ ಆ ಐದನೇ ದರ್ಜೆಯಲ್ಲಿ 42 ಗೋಲು ಹೊಡೆದ. ತಂಡ 107 ಪಾಯಿಂಟ್ ಗಳಿಸಿತು. ಬೇರೆ ಯಾವ ವರ್ಷ ಆಗಿದ್ದರೂ ಕಣ್ಣು ಮುಚ್ಚಿ ಮೊದಲ ಸ್ಥಾನ. ಆದರೆ ಆ ವರ್ಷ ಹಾಲಿವುಡ್ ನಟರಿಬ್ಬರು ಕೊಂಡಿದ್ದ ರೆಕ್ಸಮ್ ತಂಡ 111 ಗಳಿಸಿತು. ಇಬ್ಬರ ನಡುವಿನ ಏಪ್ರಿಲ್ ಆಟದಲ್ಲಿ ರೆಕ್ಸಮ್ 3-2ರಿಂದ ಮುಂದಿತ್ತು. ಕೊನೆ ಗಳಿಗೆಯಲ್ಲಿ ಕೌಂಟಿಗೆ ಪೆನಾಲ್ಟಿ. ಬೆನ್ ಫಾಸ್ಟರ್ ತಡೆದ. ಜಗತ್ತೆಲ್ಲ ರೆಕ್ಸಮ್ ಕಥೆ ನೋಡಿತು. ಸೋತವರ ಕಥೆ ಮೆಡೋ ಲೇನ್‌ನಲ್ಲೇ ಉಳಿಯಿತು.

ಮೇಲೆ ಹತ್ತಲು ಇನ್ನೊಂದೇ ದಾರಿ, ಪ್ಲೇ ಆಫ್. ಸೆಮಿಫೈನಲ್‌ನಲ್ಲಿ ಎರಡು ಗೋಲು ಹಿಂದೆ ಬಿದ್ದು, ಹೆಚ್ಚುವರಿ ಸಮಯದಲ್ಲಿ 3-2ರಿಂದ ಗೆದ್ದರು. ಮೇ 13ರಂದು ವೆಂಬ್ಲಿಯಲ್ಲಿ ಚೆಸ್ಟರ್‌ಫೀಲ್ಡ್ ಜೊತೆ 2-2. ಪೆನಾಲ್ಟಿಗಾಗಿಯೇ ಗೋಲ್‌ಕೀಪರ್ ಬದಲಾಯಿಸಿ ಆರ್ಚೀ ಮೇರ್ ಎಂಬ ಹುಡುಗನನ್ನು ಇಳಿಸಿದರು. ಅವನು ಎರಡು ತಡೆದ. 4-3. ಕೌಂಟಿ ಲೀಗಿಗೆ ಮರಳಿತು. ನಾನು ಅಜ್ಜನ ಮನೆಯಲ್ಲಿ ಟಿವಿ ಮುಂದೆ ಇದ್ದೆ. ಅಜ್ಜ ಪೆನಾಲ್ಟಿ ನೋಡಲಿಲ್ಲ. ಹಿತ್ತಿಲಲ್ಲಿ ನಿಂತು, ಆಯ್ತಾ, ಯಾರು ಹೊಡೆದ್ರು, ಅಂತ ಕಿಟಕಿಯಿಂದ ಕೇಳುತ್ತಿದ್ದರು. ನಾನು ಒಂದೊಂದನ್ನೂ ಕೂಗಿ ಹೇಳುತ್ತಿದ್ದೆ.

ಬಾಗಲಕೋಟೆ ಕಡೆಯಿಂದ ಇಲ್ಲಿನ ಯೂನಿವರ್ಸಿಟಿಗೆ ಓದಲು ಬರುವ ಹುಡುಗರು ಹೆಚ್ಚಾಗಿದ್ದಾರೆ. ಅವರಿಗೊಂದು ಮಾತು. ಫಾರೆಸ್ಟ್ ಟಿಕೆಟ್ಟಿಗೆ ಪರದಾಡಬೇಡಿ, ಕೌಂಟಿಗೆ ಬನ್ನಿ. ಟಿಕೆಟ್ ಸುಲಭವಾಗಿ ಸಿಗುತ್ತದೆ, ರೈಲ್ವೆ ಸ್ಟೇಷನ್ನಿನಿಂದ ನಡೆದೇ ಬರಬಹುದು. ನದಿ ಕಡೆಯ ಗಾಳಿ ಕೆಟ್ಟದ್ದು, ಸ್ವೆಟರ್ ಮೇಲೆ ಇನ್ನೊಂದು ಸ್ವೆಟರ್ ಇರಲಿ. ಮಧ್ಯಂತರದಲ್ಲಿ ಎಲ್ಲರೂ ಬಿಸಿ ಪೈ ತಿನ್ನುತ್ತಾರೆ. ಕೊಳ್ಳುವ ಮೊದಲು ಒಳಗೆ ಏನಿದೆ ಅಂತ ಕೇಳಿಕೊಳ್ಳಿ.